ಯಾರೂ ಮಲಗದ ಮನೆಯ ಒಡತಿ

ವಸತಿ ಯೋಜನೆಗಳ ಮಾಹಿತಿ ಶಿಬಿರಗಳಲ್ಲಿ ಈಗ ಒಂದು ಕಥೆ ಓಡಾಡುತ್ತಿದೆ. ಅರ್ಜಿದಾರರು ಮಾಡುವ ತಪ್ಪುಗಳನ್ನು ಒಂದೊಂದಾಗಿ ವಿವರಿಸುತ್ತಿರುವ ಭಾಷಣಕಾರರು, ಸಭಿಕರು ಆಕಳಿಸತೊಡಗಿದಾಗ ಅದನ್ನು ಹೊರಗೆ ತೆಗೆಯುತ್ತಾರೆ. "ಒಬ್ಬರು ಹೆಂಗಸು. ಊರಿನಲ್ಲಿ ದೊಡ್ಡ ಗುತ್ತಿನ ಮನೆ ಉಂಟು. ಆದ್ರೂ ಮನೆಯೇ ಇಲ್ಲ ಅಂತ ಅಫಿಡವಿಟ್ ಕೊಟ್ಟು ಸರ್ಕಾರದ ಫ್ಲಾಟಿಗೆ ಅರ್ಜಿ ಹಾಕಿದ್ರು. ಕಂಪ್ಯೂಟರ್ ಹಿಡಿದು ಹಾಕಿತು ನೋಡಿ." ಸಭೆ ನಗುತ್ತದೆ, ಭಾಷಣಕಾರರು ನೀರು ಕುಡಿದು ಮುಂದಿನ ವಿಷಯಕ್ಕೆ ಹೋಗುತ್ತಾರೆ.

ಆ ಹೆಂಗಸು ನನಗೆ ಗೊತ್ತು. ಕಥೆಯಲ್ಲಿರುವ ಗುತ್ತಿನ ಮನೆ, ಅಂದರೆ ಹಳೆಯ ಮನೆತನದ ದೊಡ್ಡ ಮನೆ, ನಿಜ, ಅಫಿಡವಿಟ್ ನಿಜ, ಕಂಪ್ಯೂಟರ್ ಹಿಡಿದದ್ದೂ ನಿಜ. ಆದರೆ ನಿಜವಾದ ಸಂಗತಿಗಳನ್ನೇ ಪೋಣಿಸಿ ಸುಳ್ಳು ಹೇಳಲು ಸಾಧ್ಯ. ಆ ನಗುವನ್ನು ಎರಡು ಶಿಬಿರಗಳಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದ ಮೇಲೆ, ನಡೆದದ್ದನ್ನು ನಡೆದ ಹಾಗೆ ಬರೆಯಬೇಕೆನಿಸಿತು.

ಕಳೆದ ವರ್ಷದ ಮಾತು. ಕಾನೂನು ಪದವಿ ಮುಗಿಸಿ ನಾನು ಬಲ್ಮಠದ ಸಣ್ಣದೊಂದು ನೆರವು ಕೇಂದ್ರದಲ್ಲಿ ವಸತಿ ಅರ್ಜಿಗಳ ಮೇಜಿನಲ್ಲಿ ಕುಳಿತಿದ್ದೆ. ಕೇಂದ್ರವೆಂದರೆ ಜೆರಾಕ್ಸ್ ಅಂಗಡಿಯ ಮೇಲಿನ ಒಂದು ಕೋಣೆ. ಬರುವವರು ಹೆಚ್ಚಾಗಿ ಅರ್ಜಿ ತಿರಸ್ಕಾರವಾದ ಮೇಲೆಯೇ ಬರುತ್ತಿದ್ದರು. ಹಾಕುವ ಮೊದಲು ಬಂದವರು ಅಪರೂಪ. ತಪ್ಪುಗಳೂ ಹೆಚ್ಚುಕಡಿಮೆ ಅವೇ. ಆಧಾರ್ ಕಾರ್ಡಿನಲ್ಲಿ ಒಂದು ಇನಿಷಿಯಲ್, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಅವಧಿ ಮುಗಿದ ಆದಾಯ ಪ್ರಮಾಣಪತ್ರ. ಫೋನ್ ನಂಬರ್ ಕೇಳಿದಲ್ಲಿ ಯಾವತ್ತೋ ಕಳೆದುಹೋದ ಸಿಮ್ಮಿನ ನಂಬರ್, ಮೆಸೇಜುಗಳೆಲ್ಲ ಗಾಳಿಗೆ. ಮೂಲ ದಾಖಲೆಗಳನ್ನು ಏಜೆಂಟನ ಕೈಗೆ ಕೊಟ್ಟು ಆತನ ಹಿಂದೆ ಅಲೆದಾಟ. ಅರ್ಜಿ ಕೊಟ್ಟು ಸ್ವೀಕೃತಿ ಚೀಟಿ ತೆಗೆದುಕೊಳ್ಳದೆ ಬರುವುದು. ಇವೆಲ್ಲ ತಪ್ಪುಗಳೇ, ಅಲ್ಲವೆನ್ನುವುದಿಲ್ಲ. ಇವುಗಳಿಗೆ ಮದ್ದೂ ಇದೆ. ಮದ್ದಿಲ್ಲದ್ದು ವಾರಿಜಕ್ಕನ ತಪ್ಪಿಗೆ ಮಾತ್ರ.

ವಾರಿಜಕ್ಕ ಅತ್ತಾವರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಯಾ. ಗಂಡ ತೀರಿಹೋದ ಮೇಲೆ ಮಗಳು ದೀಕ್ಷಾಳ ಜೊತೆ ಜೆಪ್ಪುವಿನಲ್ಲಿ ಸಾಲು ಮನೆಯ ಒಂದು ಕೋಣೆಯಲ್ಲಿ ಬಾಡಿಗೆಗಿದ್ದರು. ಆ ಸಾಲನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಲು ಮಾಲೀಕರು ತೀರ್ಮಾನಿಸಿದ್ದರು. ಉಳಿದ ಬಾಡಿಗೆದಾರರು ಒಬ್ಬೊಬ್ಬರಾಗಿ ಹೋಗಿಯಾಗಿತ್ತು. ವಾರಿಜಕ್ಕ ಮಾತ್ರ ಸರ್ಕಾರದ ಫ್ಲಾಟಿನ ತಾತ್ಕಾಲಿಕ ಪಟ್ಟಿಯಲ್ಲಿ ಹೆಸರು ಬಂದಿದೆಯೆಂದು ಧೈರ್ಯದಿಂದ ಕುಳಿತಿದ್ದರು. ಅಷ್ಟರಲ್ಲಿ ವಸತಿ ಶಾಖೆಯಿಂದ ಫೋನ್ ಬಂತು: ನಿಮ್ಮ ಹೆಸರು ತೆಗೆಯುತ್ತಿದ್ದೇವೆ, ನಿಮಗೆ ಊರಿನಲ್ಲಿ ಮನೆ ಇದೆ, ಸುಳ್ಳು ಅಫಿಡವಿಟ್ ಕೊಟ್ಟಿದ್ದೀರಿ.

ಆವತ್ತೇ ಸಂಜೆ, ಆಸ್ಪತ್ರೆಯ ನೀಲಿ ಸಮವಸ್ತ್ರದಲ್ಲೇ ಅವರು ನನ್ನ ಮುಂದೆ ಕುಳಿತಿದ್ದರು. ನಾನು ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಮನೆಯವಳೆಂದು ತಿಳಿದಕೂಡಲೇ, ಇಲ್ಲಿಯ ರೂಢಿಯಂತೆ ನನ್ನನ್ನು ಬಾಯಮ್ಮ ಎಂದು ಕರೆಯತೊಡಗಿದರು.

"ಬಾಯಮ್ಮ, ನನ್ನ ಮೇಲೆ ಕೇಸ್ ಹಾಕ್ತಾರಂತೆ. ಮನೆ ಕೊಡದಿದ್ರೆ ಬೇಡ, ಜೈಲಿಗೆ ಮಾತ್ರ ಹೋಗ್ಲಿಕ್ಕೆ ಆಗುದಿಲ್ಲ. ಮಗಳಿಗೆ ಪರೀಕ್ಷೆ ಉಂಟು."

"ಊರಲ್ಲಿ ಮನೆ ಉಂಟಾ ಇಲ್ವಾ?"

"ಉಂಟು."

"ಮತ್ತೆ ಇಲ್ಲ ಅಂತ ಸೈನ್ ಹಾಕಿದ್ದು ಎಂತಕ್ಕೆ?"

"ಅದು ಟೈಪ್ ಮಾಡುವವ ಬರ್ದದ್ದು. ಅವ ಎಲ್ಲರಿಗೂ ಹಾಗೇ ಬರೀತಾನೆ."

ಅದು ನಿಜ. ಅಫಿಡವಿಟ್ ಟೈಪಿಸುವವರ ಕಂಪ್ಯೂಟರಿನಲ್ಲಿ ಒಂದು ನಮೂನೆ ಇರುತ್ತದೆ. ಭಾರತದ ಯಾವುದೇ ಭಾಗದಲ್ಲಿ ನನ್ನ ಹೆಸರಿನಲ್ಲಿ ಪಕ್ಕಾ ಮನೆ ಇರುವುದಿಲ್ಲ ಎಂಬ ವಾಕ್ಯ ಅದರಲ್ಲಿ ಮೊದಲೇ ಸಿದ್ಧವಾಗಿರುತ್ತದೆ. ಹೆಸರು ಬದಲಾಯಿಸಿ ಪ್ರಿಂಟ್ ತೆಗೆಯುತ್ತಾರೆ. ಓದಿ ನೋಡಿ ಎಂದು ಯಾರೂ ಹೇಳುವುದಿಲ್ಲ. ಓದಲು ನಿಂತರೆ ಹಿಂದಿನವರು ಗೊಣಗುತ್ತಾರೆ.

"ಆ ಮನೆಯಲ್ಲಿ ನೀವು ಕೊನೆಗೆ ಇದ್ದದ್ದು ಯಾವಾಗ?" ಎಂದು ಕೇಳಿದೆ.

"ಅಲ್ಲಿ ಯಾರು ಇರ್ತಾರೆ? ಅದು ಕುಟುಂಬದ ಮನೆ. ದೈವ ಇರುವಂಥದ್ದು. ತಿಂಗಳ ಸಂಕ್ರಾಂತಿಗೆ ಒಬ್ಬರು ಬಂದು ದೀಪ ಇಟ್ಟು ಬೀಗ ಹಾಕಿ ಹೋಗ್ತಾರೆ. ವರ್ಷಕ್ಕೊಮ್ಮೆ ನೇಮಕ್ಕೆ ಎಲ್ಲ ಸೇರ್ತೇವೆ, ಊಟ ಮಾಡಿ ಬರ್ತೇವೆ. ನೀವು ಇಗರ್ಜಿಯಲ್ಲಿ ಚಾಪೆ ಹಾಸಿ ಮಲಗ್ತೀರಾ ಬಾಯಮ್ಮ?"

ತುಳುನಾಡಿನ ಹೊರಗಿನ ಓದುಗರಿಗೆ ಇಷ್ಟು ಹೇಳಬೇಕು. ಇಗರ್ಜಿ ಎಂದರೆ ನಮ್ಮ ಚರ್ಚು. ಇಲ್ಲಿ ಅನೇಕ ಮನೆತನಗಳಲ್ಲಿ ಕುಟುಂಬ ತಾಯಿಯ ಕಡೆಯಿಂದ ಸಾಗುತ್ತದೆ. ಹೆಣ್ಣುಮಕ್ಕಳ ಮಕ್ಕಳು ಕುಟುಂಬದವರು; ಗಂಡುಮಕ್ಕಳ ಮಕ್ಕಳು ಅವರವರ ತಾಯಿಯ ಕುಟುಂಬಕ್ಕೆ ಸೇರಿದವರು. ಯಜಮಾನಿಕೆ ಸೋದರಮಾವನದು. ಕುಟುಂಬದ ದೈವಗಳು ಇರುವ, ವರ್ಷಕ್ಕೊಮ್ಮೆ ಅವುಗಳ ನೇಮವೆಂಬ ಉತ್ಸವ ನಡೆಯುವ ಮೂಲಮನೆಗೆ ಒಡೆಯರು ಒಬ್ಬರಲ್ಲ. ಆ ಜಾಗದ ಆರ್‌ಟಿಸಿ, ಅಂದರೆ ಪಹಣಿ ತೆಗೆದರೆ ಒಡೆತನದ ಕಾಲಂನಲ್ಲಿ ಹೆಸರುಗಳು ಮುಂದಿನ ಪುಟಕ್ಕೂ ಹರಿಯುತ್ತವೆ: ದುಬಾಯಿಯಲ್ಲಿರುವವರು, ಮುಂಬೈಯಲ್ಲಿ ಹೋಟೆಲ್ ಇಟ್ಟವರು, ಒಬ್ಬರ ಮುಖ ಒಬ್ಬರು ನೋಡದವರು. ಆ ಹೆಸರುಗಳ ನಡುವೆ ವಾರಿಜಕ್ಕನದೂ ಒಂದು. ಪಹಣಿಗೆ ಆಧಾರ್ ಜೋಡಿಸಬೇಕೆಂದಾಗ ಯಜಮಾನರು ಎಲ್ಲರಿಗೂ ಫೋನ್ ಮಾಡಿದ್ದರು. ವಾರಿಜಕ್ಕ ಒಂದು ದಿನದ ಸಂಬಳ ಬಿಟ್ಟು, ಎರಡು ಬಸ್ಸು ಬದಲಾಯಿಸಿ ಹೋಗಿ ಬೆರಳಚ್ಚು ಕೊಟ್ಟು ಬಂದಿದ್ದರು. ಕರೆದರಲ್ಲ ಎಂಬ ಖುಷಿ ಅವರಿಗೆ. ಕಂಪ್ಯೂಟರ್ ಹಿಡಿದದ್ದು ಆ ಬೆರಳಚ್ಚನ್ನು.

ಅಷ್ಟೇ ಆಗಿದ್ದರೆ ವಿವರಣೆ ಕೊಟ್ಟು ಬಿಡಿಸಬಹುದಿತ್ತು. ಆದರೆ ಆ ಫೋನ್ ಬರುವ ಮೊದಲೇ ಪರಿಶೀಲನೆಗೆ ಒಬ್ಬ ಸಿಬ್ಬಂದಿ ಜೆಪ್ಪುವಿನ ಕೋಣೆಗೆ ಬಂದಿದ್ದ. ಊರಿನ ಆ ಮನೆ ನಿಮ್ಮದೇ ಹೌದಾ ಎಂದು ಕೇಳಿದ್ದ. ವಾರಿಜಕ್ಕ ಹೌದು, ನಮ್ಮದೇ ಎಂದಿದ್ದರು. ಅಲ್ಲಿಗೇ ನಿಲ್ಲಿಸದೆ, ಆ ಮನೆಯ ಪಡಸಾಲೆಯಾದ ಚಾವಡಿಯ ಕಂಬಗಳ ಕೆತ್ತನೆಯನ್ನೂ ನೇಮಕ್ಕೆ ಸೇರುವ ಜನವನ್ನೂ ಬಣ್ಣಿಸಿ ಚಹಾ ಕೊಟ್ಟು ಕಳಿಸಿದ್ದರು. ಆತ ಬರೆದುಕೊಂಡದ್ದು ಒಂದೇ ಸಾಲು: ಸ್ವಂತ ಮನೆ ಇರುವುದನ್ನು ಅರ್ಜಿದಾರರು ಒಪ್ಪಿರುತ್ತಾರೆ.

"ನನ್ನದಲ್ಲ ಅಂತ ಹೇಳಬಹುದಿತ್ತಲ್ಲ ವಾರಿಜಕ್ಕ?"

"ಹೇಗೆ ಹೇಳುದು? ಕುಟುಂಬ ಇಲ್ಲದವರು ಹಾಗೆ ಹೇಳುದು."

ತುಳುವರಲ್ಲಿ ಯಾರನ್ನೇ ಕೇಳಿ ನೋಡಿ, ಕುಟುಂಬದ ಮನೆ ನನ್ನದಲ್ಲ ಎಂದು ಹೇಳುವವರು ಸಿಗುವುದಿಲ್ಲ. ಬಾಡಿಗೆ ಕಟ್ಟಲು ಪರದಾಡುವವರೂ ಹೇಳುವುದಿಲ್ಲ. ಹೊರಗಿನವರ ಮುಂದೆಯಂತೂ ಇಲ್ಲವೇ ಇಲ್ಲ. ವಾರಿಜಕ್ಕ ಮಾಡಿದ ತಪ್ಪು ಇದು. ಸತ್ಯ ಹೇಳಿದ್ದು, ಅದನ್ನು ಅಭಿಮಾನದಿಂದ ಹೇಳಿದ್ದು.

ಮರುದಿನ ಇಬ್ಬರೂ ವಸತಿ ಶಾಖೆಗೆ ಹೋದೆವು. ಅಧಿಕಾರಿ ಕೆಟ್ಟ ಮನುಷ್ಯರಲ್ಲ, ಕುರ್ಚಿ ಕೊಟ್ಟರು. ಆದರೆ ಮಾತಿನಲ್ಲಿ ಜಗ್ಗಲಿಲ್ಲ.

"ರೂಲ್ ಅಂದ್ರೆ ರೂಲ್ ಮೇಡಂ. ಹಂಚಿನ ಮಾಡು, ಕೆಂಪುಕಲ್ಲಿನ ಗೋಡೆ, ಪಂಚಾಯತಿನ ಡೋರ್ ನಂಬರ್. ಪಕ್ಕಾ ಮನೆ ಹೌದಾ ಅಲ್ವಾ?"

"ಮನೆ ಪಕ್ಕಾ ಸರ್. ಇವರ ಮನೆ ಅನ್ನುದು ಪಕ್ಕಾ ಅಲ್ಲ. ಪಾಲಾಗಿಲ್ಲ, ವಾಸ ಇಲ್ಲ, ಮಾರ್ಲಿಕ್ಕೆ ಆಗುದಿಲ್ಲ, ಬೀಗದ ಕೈ ಸಹ ಇವರ ಹತ್ರ ಇಲ್ಲ."

"ಪೋರ್ಟಲಿನಲ್ಲಿ ಮನೆ ಉಂಟು, ಮನೆ ಇಲ್ಲ ಅಂತ ಎರಡೇ ಇರುದು. ದೈವದ ಮನೆ ಅಂತ ಮೂರನೇದು ನಾನು ಎಲ್ಲಿಂದ ತರ್ಲಿ?"

"ಹಾಗಾದ್ರೆ ತಿರಸ್ಕಾರವನ್ನು ಕಾರಣ ಸಮೇತ ಬರೆದು ಕೊಡಿ."

"ಬರೆದು ಕೊಟ್ರೆ ನಿಮಗೇ ಕಷ್ಟ. ಸುಳ್ಳು ಅಫಿಡವಿಟ್ ಅಂತ ಬರೀಬೇಕಾಗ್ತದೆ." ಆಮೇಲೆ ದನಿ ತಗ್ಗಿಸಿ, ಉಪಕಾರ ಮಾಡುವವರ ಹಾಗೆ ಹೇಳಿದರು: "ಒಂದು ಕೆಲಸ ಮಾಡಿ. ಹಕ್ಕು ಬಿಡುಗಡೆ ಪತ್ರ ರಿಜಿಸ್ಟರ್ ಮಾಡಿಸಿ. ಆರ್‌ಟಿಸಿಯಿಂದ ಹೆಸರು ತೆಗೆಸಿ ಬನ್ನಿ. ಮತ್ತೆ ನನ್ನದು ಎಂತ ತಕರಾರೂ ಇಲ್ಲ."

ಹಕ್ಕು ಬಿಡುಗಡೆ ಎಂದರೆ, ಜಂಟಿ ಆಸ್ತಿಯಲ್ಲಿ ನನಗೇನೂ ಬೇಡ, ನನ್ನ ಪಾಲನ್ನು ಉಳಿದವರಿಗೆ ಬಿಟ್ಟಿದ್ದೇನೆ ಎಂದು ಬರೆದು ನೋಂದಾಯಿಸುವುದು. ಆ ಅಧಿಕಾರಿಗೆ ಅದು ಒಂದು ಮಧ್ಯಾಹ್ನದ ಕೆಲಸ. ಬಡವಳೊಬ್ಬಳು ಬಡವಳೆಂದು ಸಾಬೀತು ಮಾಡಲು, ಇದ್ದ ಒಂದೇ ಗುರುತನ್ನು ತಾನೇ ಅಳಿಸಿ ಬರಬೇಕು ಎಂಬುದರಲ್ಲಿ ಅವರಿಗೆ ವಿಚಿತ್ರವಾದದ್ದೇನೂ ಕಾಣಲಿಲ್ಲ.

ಹೆಸರು ತೆಗೆಸದೆ ಬಗೆಹರಿಸಲು ಒಂದು ದಾರಿಯಿತ್ತು. ಕುಟುಂಬದ ಯಜಮಾನರು ಎರಡು ಸಾಲು ಬರೆದುಕೊಟ್ಟರೆ ಸಾಕು: ಅದು ಆರಾಧನೆಯ ಮನೆ, ಯಾರೂ ವಾಸವಿಲ್ಲ, ವಾರಿಜಾ ಅವರಿಗೆ ಅಲ್ಲಿ ಪ್ರತ್ಯೇಕ ಪಾಲಾಗಲಿ ವಾಸದ ವ್ಯವಸ್ಥೆಯಾಗಲಿ ಇಲ್ಲ. ಯಜಮಾನರು ಸಂಜೀವಣ್ಣ, ವಾರಿಜಕ್ಕನ ತಾಯಿಯ ತಮ್ಮ. ನಗರದಲ್ಲೇ ಅವರದೊಂದು ಒಳ್ಳೆಯ ಹೋಟೆಲಿದೆ. ಸೋದರಮಾವನನ್ನು ತುಳುವಿನಲ್ಲಿ ಕರೆಯುವಂತೆ ವಾರಿಜಕ್ಕ ಅವರನ್ನು ತಮ್ಮಲೆ ಎನ್ನುತ್ತಿದ್ದರು. ಊಟದ ಗದ್ದಲ ಮುಗಿದ ಮೇಲೆ ಹೋದೆವು. ಗಲ್ಲೆಯ ಹಿಂದಿನಿಂದ ಎದ್ದು ಬಂದು ಫ್ಯಾಮಿಲಿ ರೂಮಿನಲ್ಲಿ ಕೂರಿಸಿ ಬನ್ಸ್ ತರಿಸಿದರು. ವಿಷಯ ಕೇಳಿದ ಮೇಲೆ ಮುಖ ಗಂಟಾಯಿತು.

"ನಮ್ಮ ಮನೆಯ ಹೆಣ್ಣು ಸರ್ಕಾರದ ಮನೆಗೆ ಕೈ ಒಡ್ಡಿದ್ದಾಳೆ ಅಂತ ನಾನೇ ಸೈನ್ ಹಾಕಿ ಊರಿಗೆ ಹೇಳಬೇಕಾ? ಕಷ್ಟ ಇದ್ರೆ ನನ್ನ ಹತ್ರ ಹೇಳಬಹುದಿತ್ತು."

"ದೀಕ್ಷಾಳ ಅಪ್ಪ ತೀರಿಹೋದ ವರ್ಷ ನಾನು ಹೇಳಿದ್ದೆ ತಮ್ಮಲೆ."

"ನಾನು ಎಂತ ಹೇಳಿದ್ದೆ ಆಗ?"

"ನೋಡುವ ಅಂತ."

ಸಂಜೀವಣ್ಣ ನನ್ನತ್ತ ತಿರುಗಿದರು. "ಇವರು ಯಾರು? ಲಾಯರಾ? ಲಾಯರು ಇದ್ರೆ ಒಳ್ಳೆಯದೇ ಆಯ್ತು. ಹಕ್ಕು ಬಿಡುಗಡೆ ಆದ್ರೆ ನಾಳೆಯೇ ಮಾಡುವ. ನನ್ನ ವಕೀಲರು ಉಂಟು, ಖರ್ಚು ಸಹ ನನ್ನದೇ. ಪಾಪ, ಅವಳು ಯಾಕೆ ಕೊಡಬೇಕು?"

ಎರಡು ಸಾಲಿನ ಪತ್ರಕ್ಕೆ ಮಾನ ಅಡ್ಡ ಬಂದಿತ್ತು. ಹೆಸರು ತೆಗೆಯುವುದಕ್ಕೆ ಮಾತ್ರ ವಕೀಲರು, ಖರ್ಚು, ಕರುಣೆ ಎಲ್ಲವೂ ತಯಾರಿದ್ದವು.

ವಾರಿಜಕ್ಕ ಬನ್ಸನ್ನು ಮುಟ್ಟದೆ ಕೇಳಿದರು. "ಹೆಸರು ತೆಗೆದ ಮೇಲೆ ನೇಮಕ್ಕೆ?"

"ಬಾ. ಬೇಡ ಅಂತ ಯಾರು ಹೇಳ್ತಾರೆ ಮಾರಾಯ್ತಿ?"

"ಕುಟುಂಬದವಳು ಅಂತ ಕರೆದು ಪ್ರಸಾದ ಕೊಡ್ತೀರಾ, ಅಲ್ಲ ಬಂದ್ರೆ ಊಟ ಮಾತ್ರ ಹಾಕ್ತೀರಾ?"

"ಎರಡೂ ಒಂದೇ ಅಲ್ವಾ?"

"ಒಂದೇ ಅಲ್ಲ ತಮ್ಮಲೆ," ಎಂದು ವಾರಿಜಕ್ಕ ಎದ್ದರು.

ಬಸ್‌ಸ್ಟಾಪಿನ ದಾರಿಯಲ್ಲಿ ನಾನು ವಾದ ಮಾಡಿದೆ. ದೈವಗಳಲ್ಲಿ ನನಗೆ ನಂಬಿಕೆಯಿಲ್ಲ. ನಮ್ಮ ಇಗರ್ಜಿಯ ಸಂತರನ್ನೂ ಅಮ್ಮನಿಗೇ ಬಿಟ್ಟುಕೊಟ್ಟಿದ್ದೇನೆ. ಆದರೆ ನಂಬುವವರ ಲೆಕ್ಕದಲ್ಲೇ ಹೇಳುವುದಾದರೂ, ದೈವ ಆರ್‌ಟಿಸಿ ಓದುವುದಿಲ್ಲವಲ್ಲ ಎಂದೆ.

"ದೈವ ಓದುದಿಲ್ಲ ಬಾಯಮ್ಮ. ತಮ್ಮಲೆ ಓದ್ತಾರೆ."

ಸ್ವಲ್ಪ ದೂರ ನಡೆದು ಮತ್ತೆ ಅವರೇ ಹೇಳಿದರು. "ನಾನು ಸೈನ್ ಹಾಕಿದ್ರೆ ನನ್ನದು ಮಾತ್ರ ಹೋಗುದಲ್ಲ. ದೀಕ್ಷಾಳದ್ದು ನನ್ನಿಂದಲೇ ಬರುದು. ಅವಳ ಮಕ್ಕಳದ್ದು ಅವಳಿಂದ. ಮನೆ ಸಿಗ್ತದೆ ಅಂತ ಅವಳನ್ನು ಕುಟುಂಬದಿಂದ ಹೊರಗೆ ಹಾಕಿ ಬರ್ಲಿಕ್ಕೆ ನನ್ನಿಂದ ಆಗುದಿಲ್ಲ."

ನನಗೆ ಸಿಟ್ಟು ಬಂದದ್ದು ಆಗ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ಅದೇ ಪಹಣಿಯಲ್ಲಿ ಹೆಸರಿರುವ ಉಳಿದವರನ್ನು ನೋಡಿ. ಅವರಿಗೆ ನಗರದಲ್ಲಿ ಫ್ಲಾಟುಗಳಿವೆ, ಕಾರುಗಳಿವೆ. ಅವರು ಸರ್ಕಾರದಿಂದ ಏನನ್ನೂ ಕೇಳಬೇಕಾಗಿಲ್ಲ, ಆದ್ದರಿಂದ ಆ ಹೆಸರು ಅವರಿಗೆ ಬರೀ ಗೌರವ. ಕೇಳಬೇಕಾದವಳು ಒಬ್ಬಳೇ, ಆದ್ದರಿಂದ ಅದು ಅಪರಾಧವಾದದ್ದು ಅವಳಿಗೊಬ್ಬಳಿಗೇ. ಗಂಡಸರು ಹೆಸರು ಬಿಟ್ಟರೆ ಹೋಗುವುದು ಒಂದು ಹೆಸರು. ತಾಯಿಯಿಂದ ಸಾಗುವ ಕುಟುಂಬದಲ್ಲಿ ಹೆಂಗಸು ಬಿಟ್ಟರೆ ಒಂದು ಕವಲೇ ಕಡಿದಂತೆ. ಈ ವ್ಯತ್ಯಾಸ ತಿಳಿಯದವರು ನಿಯಮ ಬರೆದಿದ್ದಾರೆ ಎಂದರೆ ಕ್ಷಮಿಸಬಹುದು. ಇದೇ ಜಿಲ್ಲೆಯಲ್ಲಿ ಹುಟ್ಟಿ ಬೆಳೆದು, ಎಲ್ಲ ತಿಳಿದೂ, ಪೋರ್ಟಲನ್ನು ತೋರಿಸಿ ಕೈ ತೊಳೆದುಕೊಳ್ಳುವವರನ್ನು ಹೇಗೆ ಕ್ಷಮಿಸುವುದು? ಇದಕ್ಕಿಂತ ದೊಡ್ಡ ಅನ್ಯಾಯವೊಂದಿದೆ. ಹುಷಾರಾದ ಏಜೆಂಟರು ಆಧಾರ್ ಜೋಡಿಸುವ ದಿನ ಊರಿಗೆ ಹೋಗಬೇಡಿ, ಕೇಳಿದರೆ ಗೊತ್ತಿಲ್ಲ ಎನ್ನಿ ಎಂದು ಹೇಳಿಕೊಡುತ್ತಾರೆ. ಹಾಗೆ ಮಾಡಿದವರ ಅರ್ಜಿಗಳು ತಡೆಯಿಲ್ಲದೆ ದಾಟಿದ್ದನ್ನು ನನ್ನ ಮೇಜಿನಲ್ಲೇ ಕಂಡಿದ್ದೇನೆ.

ತಿರಸ್ಕಾರದ ಕಾರಣವನ್ನು ಬರೆದು ಕೊಡಿ ಎಂದು ಅರ್ಜಿ ಹಾಕಿ, ಮೊಹರು ಬಿದ್ದ ಸ್ವೀಕೃತಿ ತೆಗೆದುಕೊಂಡೆವು. ಬಾಯಿಮಾತಿನ ತಿರಸ್ಕಾರ ಕೊನೆಗೂ ನೋಟಿಸಾಗಿ ಬಂತು. ನೋಟಿಸ್ ಬಂದರೆ ಉತ್ತರಿಸಲು ಅವಕಾಶವಿರುತ್ತದೆ. ಫೋನಿನಲ್ಲಿ ಕೇಳಿ ಅತ್ತು ಸುಮ್ಮನಾದವರಿಗೆ ಅದೂ ಇರುವುದಿಲ್ಲ. ಟೈಪಿಸುವವನ ನಮೂನೆಯನ್ನು ಬದಿಗಿಟ್ಟು ಹೊಸ ಅಫಿಡವಿಟ್ ಬರೆದೆವು: ಕುಟುಂಬದ ಮನೆಯ ಪಹಣಿಯಲ್ಲಿ ನನ್ನ ಹೆಸರು ಇದೆ, ಪಾಲಾಗಿಲ್ಲ, ನಾನು ಅಲ್ಲಿ ಒಂದು ದಿನವೂ ವಾಸವಿದ್ದವಳಲ್ಲ, ಇದನ್ನು ಮರೆಮಾಚುವ ಉದ್ದೇಶ ನನಗಿಲ್ಲ. ಸ್ಥಳ ತನಿಖೆಗೂ ಕೇಳಿಕೊಂಡೆವು. ಗ್ರಾಮದ ಅಧಿಕಾರಿ ಹೋಗಿ ನೋಡಿ ಬರೆದರು: ಯಾರೂ ವಾಸವಿರುವುದಿಲ್ಲ, ಕಟ್ಟಡ ಸುಸ್ಥಿತಿಯಲ್ಲಿದೆ.

ಆ ಮೇಜಿನಲ್ಲಿ ನಾನು ಕಲಿತದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಅರ್ಜಿ ಹಾಕುವವರು ಕುಟುಂಬದ ಮನೆಯ ಪಹಣಿಯನ್ನು ಮೊದಲು ತೆಗೆಸಿ ನೋಡಬೇಕು. ಹೆಸರು ಇದ್ದರೆ ಕಚೇರಿಯವರು ಕಂಡುಹಿಡಿಯುವ ಮೊದಲು ತಾವೇ ಬರೆಯಬೇಕು, ಯಾವ ರೀತಿಯ ಹಕ್ಕು ಎಂಬುದರ ಸಮೇತ. ಪರಿಶೀಲನೆಗೆ ಬಂದವರು ಬರೆದುಕೊಂಡದ್ದನ್ನು ಓದಿಸಿ ಕೇಳದೆ ಸಹಿ ಹಾಕಬಾರದು. ಇಷ್ಟನ್ನು ಯಾವ ಶಿಬಿರದಲ್ಲೂ ಹೇಳಬಹುದು, ಈಗ ನಾನೂ ಹೇಳುತ್ತೇನೆ. ಆದರೆ ಆ ಕೆಲಸ ಕಲಿಸಿದ ದೊಡ್ಡ ಪಾಠ ಬೇರೆ. ತಪ್ಪುಗಳ ಪಟ್ಟಿಗಳನ್ನೆಲ್ಲ ಅರ್ಜಿದಾರರಿಗಾಗಿಯೇ ಮಾಡುತ್ತಾರೆ. ಅರ್ಜಿ ತೆಗೆದುಕೊಳ್ಳುವವರ ತಪ್ಪುಗಳಿಗೆ ಪಟ್ಟಿಯೂ ಇಲ್ಲ, ಶಿಬಿರವೂ ಇಲ್ಲ.

ವಿಚಾರಣೆಯ ದಿನ ಅಧಿಕಾರಿ ಸ್ಥಳ ತನಿಖೆಯ ವರದಿ ಓದಿದರು. ಯಾರೂ ವಾಸವಿಲ್ಲ ಎಂಬಲ್ಲಿ ನಿಲ್ಲಲಿಲ್ಲ. ಸುಸ್ಥಿತಿ ಎಂಬಲ್ಲಿ ಬೆರಳಿಟ್ಟು ನಿಂತರು. "ಹಾಗಾದ್ರೆ ಬೇಕಾದ್ರೆ ಇರಬಹುದು ಅಂತಾಯ್ತಲ್ಲ. ಇವರು ಇರುದಿಲ್ಲ ಅಂದ್ರೆ ಅದು ಇವರ ಇಷ್ಟ." ಯಜಮಾನರ ಹೇಳಿಕೆ ಬೇಕೆಂದರು. ಅದಕ್ಕೆ ಇನ್ನೊಂದು ದಿನ ಗೊತ್ತುಪಡಿಸಿದರು. ಸಂಜೀವಣ್ಣ ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು ತಮ್ಮ ವಕೀಲರ ಜೊತೆ ಬಂದರು. ಅಷ್ಟರಲ್ಲಿ ಜೆಪ್ಪುವಿನ ಸಾಲಿನಲ್ಲಿ ವಾರಿಜಕ್ಕನ ಕೋಣೆಯೊಂದನ್ನು ಬಿಟ್ಟು ಉಳಿದವುಗಳ ಹಂಚು ಇಳಿಸಿಯಾಗಿತ್ತು. ಬರುವ ಶನಿವಾರದೊಳಗೆ ಖಾಲಿ ಮಾಡಬೇಕೆಂದು ಮಾಲೀಕರು ಹೇಳಿದ್ದರು.

ಆ ವಿಚಾರಣೆಯ ಆದೇಶ ಇವತ್ತಿಗೂ ಬಂದಿಲ್ಲ. ಯಜಮಾನರ ಹೇಳಿಕೆ ಅರ್ಧಕ್ಕೆ ನಿಂತಿದೆ, ಪೂರ್ತಿಯಾದ ಮೇಲೆ ನೋಡೋಣ ಎನ್ನುತ್ತಾರೆ. ಅರ್ಧಕ್ಕೆ ನಿಂತದ್ದು ಹೀಗೆ.

"ಕುಟುಂಬದ ಮನೆಯಲ್ಲಿ ಎಲ್ಲ ಸದಸ್ಯರಿಗೂ ಸಮಾನ ಹಕ್ಕು ಉಂಟು," ಎಂದು ಸಂಜೀವಣ್ಣ ಎದೆಯುಬ್ಬಿಸಿ ಹೇಳಿದರು. "ನಾವು ಯಾರನ್ನೂ ಬೇರೆ ಮಾಡಿಲ್ಲ."

"ವಾರಿಜಾ ಅವರಿಗೂ?" ಎಂದರು ಅಧಿಕಾರಿ.

"ಖಂಡಿತ. ಅವಳು ನಮ್ಮ ಮನೆಯ ಹೆಣ್ಣು."

ಅಧಿಕಾರಿ ಬರೆದುಕೊಂಡು, ಇನ್ನೇನು ಬೇಕು ಎಂಬಂತೆ ನನ್ನ ಕಡೆ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ವಾರಿಜಕ್ಕ ಎದ್ದು ನಿಂತಿದ್ದರು. ದನಿಯಲ್ಲಿ ಏರಿಳಿತವಿರಲಿಲ್ಲ, ಆಸ್ಪತ್ರೆಯಲ್ಲಿ ರೋಗಿಯ ಕಡೆಯವರನ್ನು ವಿಚಾರಿಸುವ ಹಾಗೆ ಸಾದಾ ದನಿಯಲ್ಲಿ ಸೋದರಮಾವನನ್ನು ಕೇಳಿದರು:

"ಹಾಗಾದ್ರೆ ತಮ್ಮಲೆ, ಶನಿವಾರ ನಾನು ದೀಕ್ಷಾಳನ್ನು ಕರ್ಕೊಂಡು, ಗ್ಯಾಸಿನ ಅಂಡೆ, ಚಾಪೆ, ಪಾತ್ರೆ ಎಲ್ಲ ರಿಕ್ಷಾದಲ್ಲಿ ಹಾಕಿ ಬರ್ತೇನೆ. ಚಾವಡಿಯ ಬಾಗಿಲು ತೆಗೆದು ಕೊಡ್ತೀರಾ?"